ಐದು ತಾಸಿನಲ್ಲಿ ಪಾಸಾದ ಇಟ್ಟಂಗಿ

೨೦೨೩ರ ಏಪ್ರಿಲ್ ತಿಂಗಳು. ಆಗಲೂ, ಈಗಿನಂತೆ, ನಾನು ಮುಧೋಳ ತಾಲೂಕಿನ ಒಂದು ಸುಣ್ಣದ ಕಾರ್ಖಾನೆಯಲ್ಲಿ ಮುಖ್ಯ ಕೆಮಿಸ್ಟ್. ತೇರದಾಳದಿಂದ ದಿನಾ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಲ್ಯಾಬಿನಲ್ಲಿ ನಾನು, ಇಬ್ಬರು ಸಹಾಯಕಿಯರು, ಸಾವಿರದ ಇನ್ನೂರು ಡಿಗ್ರಿಯವರೆಗೆ ಕಾಯುವ ಒಂದು ಸಣ್ಣ ಕರೆಂಟಿನ ಫರ್ನೇಸ್, ಮತ್ತು ಗೋಡೆಯ ಮೇಲೊಂದು ಬೋರ್ಡು: ‘ಗುಣಮಟ್ಟವೇ ನಮ್ಮ ಉಸಿರು’. ಆ ಬೋರ್ಡನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆ ಬೇಸಿಗೆಯಲ್ಲಿ, ಕಣ್ಣಿಗೆ ಕಾಣುವ ಒಂದು ಸಂಗತಿಯನ್ನು ಒಪ್ಪಿಸಲು ನನಗೆ ಏಳು ವಾರ ಹಿಡಿಯಿತು. ಅದಕ್ಕಿಂತ ಮೈ ಉರಿಸುವ ವಿಷಯವೆಂದರೆ, ದಾರಿಗೆ ಅಡ್ಡ ನಿಂತಿದ್ದದ್ದು ನನ್ನದೇ ಸಹಿ.

ಸುಣ್ಣದ ಭಟ್ಟಿಯನ್ನು ನೋಡದವರಿಗಾಗಿ ನಾಲ್ಕು ಮಾತು. ಅದೊಂದು ಮೂರಂತಸ್ತಿನ ಮನೆಗಿಂತ ಎತ್ತರದ ಉಕ್ಕಿನ ಕೊಳವೆ. ಮೇಲಿನಿಂದ ಸುಣ್ಣದ ಕಲ್ಲು ಮತ್ತು ಉರುವಲು ಸುರಿಯುತ್ತಾರೆ, ಕೆಳಗಿನಿಂದ ಸುಟ್ಟ ಸುಣ್ಣ ತೆಗೆಯುತ್ತಾರೆ. ಕಲ್ಲು ಹಗಲಿರುಳೂ ನಿಧಾನವಾಗಿ ಕೆಳಗೆ ಇಳಿಯುತ್ತಿರುತ್ತದೆ. ನಡುಭಾಗದಲ್ಲಿ ಸಾವಿರದ ಐವತ್ತು ಡಿಗ್ರಿಯ ಆಸುಪಾಸು ಶಾಖ. ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಶಾಖಕ್ಕೆ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ಸುಣ್ಣವಾಗುತ್ತದೆ. ಉಕ್ಕು ಅಷ್ಟು ಶಾಖ ತಡೆಯದು. ಅದಕ್ಕೇ ಒಳಮೈಗೆ ಸುತ್ತಲೂ ೨೩೦ ಮಿಲಿಮೀಟರ್ ದಪ್ಪದ ಫೈರ್‌ಬ್ರಿಕ್ ಗೋಡೆ ಕಟ್ಟುತ್ತಾರೆ. ಇದಕ್ಕೆ ಲೈನಿಂಗ್ ಎಂದು ಹೆಸರು. ಫೈರ್‌ಬ್ರಿಕ್ ಅನ್ನುವುದು ಅಲ್ಯೂಮಿನಾ ಮತ್ತು ಸಿಲಿಕಾ ಇರುವ ಸೆರಾಮಿಕ್ ಇಟ್ಟಂಗಿ. ಬೆಂಕಿಗೆ ಅದು ಜಗ್ಗುವುದಿಲ್ಲ, ಆದರೆ ಸುಣ್ಣಕ್ಕೆ ಜಗ್ಗುತ್ತದೆ. ಆ ಬಿಸಿಯಲ್ಲಿ ಎರಡೂ ತಾಗಿಕೊಂಡಿದ್ದರೆ, ಕರಗುವ ಮೊದಲೇ, ಗಟ್ಟಿಯಾಗಿ ಇದ್ದುಕೊಂಡೇ ಒಂದು ಇನ್ನೊಂದರೊಳಗೆ ಸೇರತೊಡಗುತ್ತದೆ. ಸೇರುವುದಂತೂ ಖಂಡಿತ. ಎಷ್ಟು ಬೇಗ ಸೇರುತ್ತದೆ ಎಂಬುದೇ ಪ್ರಶ್ನೆ. ರಿಯಾಕ್ಷನ್ ರೇಟ್ ಎನ್ನುವುದು ಇದಕ್ಕೇ.

ಹಿಂದಿನ ಅಕ್ಟೋಬರಿನಲ್ಲಿ ನಮ್ಮಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಆದವು. ಕಲ್ಲಿದ್ದಲು ಬಿಟ್ಟು, ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಗರಿಯನ್ನು, ಒತ್ತಿ ಮಾಡಿದ ಬ್ರಿಕೆಟ್ ಉರಿಸುವುದೆಂದು ತೀರ್ಮಾನವಾಯಿತು. ಹಳೆಯ ಲೈನಿಂಗ್ ಸವೆದಿದ್ದರಿಂದ ಹೊಸ ಕಂಪನಿಯೊಂದರ ಇಟ್ಟಂಗಿಯೂ ಬಂತು. ಎರಡು ದಿನದಲ್ಲಿ ಪರೀಕ್ಷಿಸಿ ರಿಪೋರ್ಟ್ ಕೊಡಿ ಎಂದರು. ಇಟ್ಟಂಗಿಯಲ್ಲಿ ಬಟ್ಟಲಿನಂಥ ಕುಳಿ ಕೊರೆದು, ಲ್ಯಾಬಿನ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿ, ಸಾವಿರದ ಐವತ್ತು ಡಿಗ್ರಿಯಲ್ಲಿ ಐದು ತಾಸು ಇಟ್ಟೆ. ಮರುದಿನ ಬೆಳಿಗ್ಗೆ ತೆಗೆದು ಬೋರಲು ಹಾಕಿದರೆ ಪುಡಿಯೆಲ್ಲ ಉದುರಿತು. ಕುಳಿಯ ಬಣ್ಣ ಮಾತ್ರ ಒಂದಿಷ್ಟು ಬದಲಾಗಿತ್ತು. ‘ರಿಯಾಕ್ಷನ್ ಕಂಡುಬಂದಿಲ್ಲ, ಬಳಕೆಗೆ ಯೋಗ್ಯ’ ಎಂದು ಬರೆದು ಸಹಿ ಹಾಕಿದೆ. ಐದೇ ತಾಸು ಯಾಕೆ? ಇಟ್ಟಂಗಿ ಕಂಪನಿಯ ಹಾಳೆಯಲ್ಲಿ ಹಾಗಿತ್ತು. ಸಂಜೆ ನಮ್ಮ ಬಸ್ಸು ಹೊರಡುವುದರೊಳಗೆ ಫರ್ನೇಸ್ ಆರಿಸಲಿಕ್ಕೂ ಅದು ಅನುಕೂಲವಾಗಿತ್ತು. ಉರುವಲು ಬದಲಾಗಿದೆ, ಅದರ ಬೂದಿಯನ್ನೂ ಬೆರೆಸಿ ನೋಡಬೇಕು ಎಂದು ನನಗೆ ಹೊಳೆಯಲಿಲ್ಲ.

ಲೈನಿಂಗ್ ಕಟ್ಟಿದವರು ರಬಕವಿಯ ದಾವಲಸಾಬ. ಮನೆಯಲ್ಲಿ ಉಳಿದವರೆಲ್ಲ ಮಗ್ಗದ ಕೆಲಸದವರು; ಇವರೊಬ್ಬರೇ ಗೌಂಡಿ. ಅದೂ ಮನೆ ಕಟ್ಟುವ ಗೌಂಡಿಯಲ್ಲ. ಮೂವತ್ತು ವರ್ಷದಿಂದ ಸಕ್ಕರೆ ಕಾರ್ಖಾನೆಗಳ ಬಾಯ್ಲರ್, ನಮ್ಮಂಥವರ ಭಟ್ಟಿ, ಹೀಗೆ ಬೆಂಕಿ ಇರುವ ಜಾಗಗಳನ್ನೇ ಕಟ್ಟುತ್ತ ಬಂದವರು. ಕೈಕೆಳಗೆ ಏಳು ಜನ. ಮಾತು ಕಡಿಮೆ. ಎರಡು ಇಟ್ಟಂಗಿಯ ನಡುವಿನ ಸಂದಿ ಒಂದೂವರೆ ಮಿಲಿಮೀಟರಿಗಿಂತ ದಪ್ಪ ಬಂದರೆ ಕಿತ್ತು ಮತ್ತೆ ಕಟ್ಟಿಸುತ್ತಿದ್ದರು. ನವೆಂಬರ್ ನಡುವಿಗೆ ಲೈನಿಂಗ್ ಮುಗಿದು ಭಟ್ಟಿಗೆ ಬೆಂಕಿ ಹಚ್ಚಿದರು.

ಏಪ್ರಿಲ್ ಎರಡನೆಯ ವಾರ ಭಟ್ಟಿಯ ಹೊರಮೈಯಲ್ಲಿ, ಕೆಲಸದವರು ಹತ್ತಿ ಇಳಿಯುವ ಮೆಟ್ಟಿಲಿನ ಪಕ್ಕದಲ್ಲೇ, ಬಣ್ಣ ಸುಟ್ಟು ಸಿಪ್ಪೆ ಎದ್ದಿತು. ಉಷ್ಣತೆ ಅಳೆದರೆ ೩೮೦ ಡಿಗ್ರಿ. ಅಲ್ಲಿ ಇರಬೇಕಾದ್ದು ನೂರರ ಸುತ್ತಮುತ್ತ. ಇನ್ನೊಂದು ವಾರ ಬಿಟ್ಟಿದ್ದರೆ ಉಕ್ಕು ಉಬ್ಬಿ ಬಾಯ್ಬಿಟ್ಟು, ಮೆಟ್ಟಿಲ ಮೇಲಿದ್ದವರ ಮೇಲೆ ಕೆಂಡದಂಥ ಸುಣ್ಣ ಸುರಿಯುತ್ತಿತ್ತು. ಭಟ್ಟಿ ಆರಿಸಿದರು. ತಣ್ಣಗಾಗಲು ಎಂಟು ದಿನ ಬೇಕಾಯಿತು. ಒಳಗೆ ಇಳಿದು ಅಳೆದಾಗ, ನಡುಭಾಗದಲ್ಲಿ ೨೩೦ ಮಿಲಿಮೀಟರ್ ಇದ್ದ ಇಟ್ಟಂಗಿ ೮೦ಕ್ಕೆ ಬಂದಿತ್ತು. ಮೂರು ವರ್ಷ ಬಾಳಬೇಕಾದದ್ದು ನೂರೈವತ್ತೇ ದಿನಕ್ಕೆ ಮುಗಿದಿತ್ತು.

ಅದೇ ಮಧ್ಯಾಹ್ನ ಮೀಟಿಂಗ್ ಕರೆದರು. ವರ್ಕ್ಸ್ ಮ್ಯಾನೇಜರ್ ಜಮಖಂಡಿಯ ಪಾಟೀಲರು. ಕೆಟ್ಟ ಮನುಷ್ಯ ಅಲ್ಲ. ಆದರೆ ಯಾವ ಪ್ರಶ್ನೆಯಾದರೂ ಆ ದಿನದ ಚಹಾ ಬರುವುದರೊಳಗೆ ಮುಗಿಯಬೇಕು ಅನ್ನುವ ಜಾತಿ. ದಾವಲಸಾಬರನ್ನು ನಿಲ್ಲಿಸಿಯೇ ಕೇಳಿದರು: “ಮೂರು ವರ್ಷದ ಲೈನಿಂಗ್ ಐದ ತಿಂಗಳಿಗೆ ಹೋತು. ಏನ್ ಕಟ್ಟೀರಿ ನೀವು?”

“ಸಾಹೇಬ್ರ, ನೀವ ಒಮ್ಮಿ ಒಳಗ ಇಳದ ನೋಡ್ರಿ,” ಎಂದರು ದಾವಲಸಾಬ. “ಸಂದಿ ಹಂಗ ನಿಂತಾವು, ಇಟ್ಟಂಗಿ ಸವದಾವು. ನನ್ನ ಕೆಲಸ ಕೆಟ್ಟಿದ್ರ ಮೊದಲ ಸಂದಿ ಹೋಗಬೇಕಾಗಿತ್ತಲ್ರಿ.”

ಪಾಟೀಲರು ಒಳಗೆ ಇಳಿಯಲಿಲ್ಲ. ಫೈಲಿನಿಂದ ನನ್ನ ಅಕ್ಟೋಬರಿನ ರಿಪೋರ್ಟ್ ತೆಗೆದು ಮೇಜಿನ ಮೇಲೆ ಬೆರಳಿನಿಂದ ಬಡಿದರು. “ಇಟ್ಟಂಗಿ ಪಾಸಾಗೈತಿ. ಮೇಡಂ ಸಹಿ ಮಾಡ್ಯಾರ. ಇಟ್ಟಂಗಿ ಛಲೋ ಇತ್ತಂದ್ರ ಉಳಿದದ್ದು ಏನು? ಕಟ್ಟಿದ ಕೈ.”

ದಾವಲಸಾಬ ನನ್ನ ಕಡೆ ನೋಡಿದರು. ನಾನು ರಿಪೋರ್ಟಿನ ಕಡೆ ನೋಡಿದೆ. ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯಲಿಲ್ಲ. ಈ ಕಥೆಯಲ್ಲಿ ನನಗೆ ಬೇರೆಯವರ ಮೇಲೆ ಬಂದ ಸಿಟ್ಟನ್ನೆಲ್ಲ ಒಟ್ಟು ಮಾಡಿದರೂ ಆ ಅರ್ಧ ನಿಮಿಷಕ್ಕಾಗಿ ನನ್ನ ಮೇಲೆ ಬಂದ ಸಿಟ್ಟಿಗೆ ಸಮವಾಗುವುದಿಲ್ಲ.

ಮರುದಿನವೇ ದಾವಲಸಾಬರ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರ ಹೋಯಿತು: ಕಳಪೆ ಕೆಲಸ, ಇನ್ನು ಮುಂದೆ ಇವರಿಗೆ ಕೆಲಸವಿಲ್ಲ. ಅದರ ಪ್ರತಿಗಳು ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೂ ಹೋದವು. ಕಬ್ಬು ನುರಿಸುವುದು ನಿಂತ ಮೇಲೆ, ಬೇಸಿಗೆಯಲ್ಲೇ ಬಾಯ್ಲರ್ ರಿಪೇರಿ ಆಗುವುದು. ಏಳು ಜನರ ಗುಂಪಿಗೆ ವರ್ಷದ ಮುಖ್ಯ ಕೆಲಸವೆಲ್ಲ ಆ ಮೂರು ತಿಂಗಳಲ್ಲಿ ಸಿಗುವಂಥದು. ಅತ್ತ ಭಟ್ಟಿಯೊಳಗಿನ ಹಳೆಯ ಇಟ್ಟಂಗಿಯನ್ನು ಎರಡೇ ದಿನದಲ್ಲಿ ಒಡೆದು ಹೊರಗೆ ಹಾಕಿದರು. ಒಡೆಯುವ ಮೊದಲು ಫೋಟೊ ತೆಗೆಯಿರಿ ಎಂದು ನಾನು ಹೇಳಿಕಳಿಸಿದ್ದೆ. “ಕಸಾ ತೆಗ್ಯೂದಕ್ಕ ಫೋಟೊ ಯಾಕ್ರಿ ಮೇಡಂ?” ಎಂದು ಸೂಪರ್‌ವೈಸರ್ ನಕ್ಕನಂತೆ.

ನಾಲ್ಕು ದಿನ ಬಿಟ್ಟು ದಾವಲಸಾಬ ಲ್ಯಾಬಿನ ಬಾಗಿಲಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ನಿಂತೇ ಕೇಳಿದರು.

“ಅಕ್ಕಾರ, ನೀವು ಬರದಿದ್ದು ಖರೆ ಏನ್ರಿ?”

“ಪರೀಕ್ಷಾದಾಗ ಏನ್ ಬಂತು, ಅದನ್ನ ಬರದೇನ್ರಿ.”

“ಎಷ್ಟೊತ್ತಿನ ಪರೀಕ್ಷಾ?”

“ಐದ ತಾಸು.”

ಅವರು ಫರ್ನೇಸಿನ ಕಡೆ ನೋಡಿದರು. “ನಾ ಭಟ್ಟಿ ಕಟ್ಟಿ ಬೆಂಕಿ ಹಚ್ಚಿದ ಮ್ಯಾಲ, ಅದು ಪೂರಾ ಕಾಯಾಕ ಮೂರ ದಿನ ಬೇಕ್ರಿ. ನಿಮ್ಮ ಐದ ತಾಸಿನ್ಯಾಗ ಅದರ ಚಳೀನೂ ಬಿಟ್ಟಿರಂಗಿಲ್ಲ.”

ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನ ಪರೀಕ್ಷೆಯ ಬಗ್ಗೆ ಯಾರೂ ಇಷ್ಟು ಸರಿಯಾದ ಮಾತು ಆಡಿರಲಿಲ್ಲ. ಒಡೆದು ಹಾಕಿದ ಇಟ್ಟಂಗಿ ಎಲ್ಲಿ ಹೋಯಿತು ಎಂದು ಕೇಳಿದೆ. ಒಂದು ಟ್ರ್ಯಾಕ್ಟರ್ ಲೋಡನ್ನು ಮಹಾಲಿಂಗಪುರದ ಬೆಲ್ಲದ ಗಾಣದವರು ತಮ್ಮ ಒಲೆಗೆಂದು ಒಯ್ದಿದ್ದು ಅವರಿಗೆ ಗೊತ್ತಿತ್ತು.

ಭಾನುವಾರ ನಾನು ತೇರದಾಳದಿಂದ ಬಸ್ಸು ಹಿಡಿದು ಹೋದೆ. ದಾವಲಸಾಬ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಗಾಣದ ಮಾಲೀಕ ಶಿವಪ್ಪ ಇಟ್ಟಂಗಿಯ ರಾಶಿಯ ಮುಂದೆ ಕೈಕಟ್ಟಿ ನಿಂತುಬಿಟ್ಟ. “ನಿಮ್ಮವರು ಬಿಸಾಕಿದ್ದನ್ನ ತಂದೇನ್ರಿ. ಈಗ ಯಾಕ ಬೇಕಾದ್ವು? ಬೇಕಂದ್ರ ಎರಡ ತೊಗೋರಿ, ಛಲೋವು ಮುಟ್ಟಬ್ಯಾಡ್ರಿ.”

“ನಮಗ ಕೆಟ್ಟವ ಬೇಕಾಗ್ಯಾವ್ರಿ,” ಎಂದೆ.

ಕೆಟ್ಟ ಇಟ್ಟಂಗಿ ಹುಡುಕಿಕೊಂಡು ಬಂದ ಗಿರಾಕಿಯನ್ನು ಅವನು ಅದೇ ಮೊದಲು ಕಂಡದ್ದು. ಮುಖ ಸಡಿಲಾಯಿತು. ಪಂಚೆ ಎತ್ತಿಕಟ್ಟಿ ತಾನೂ ಹುಡುಕತೊಡಗಿದ. ಅರ್ಧ ತಾಸಿನಲ್ಲಿ, ಒಂದಕ್ಕೊಂದು ಅಂಟಿಕೊಂಡೇ ಇದ್ದ ನಾಲ್ಕು ಇಟ್ಟಂಗಿಯ ಒಂದು ತುಂಡು ಸಿಕ್ಕಿತು. ಸಂದಿಗೆ ಹಚ್ಚಿದ್ದ ಗಾರೆ ಅರ್ಧ ಬೆರಳಿನಷ್ಟು ಮುಂದೆ ಚಾಚಿ ನಿಂತಿತ್ತು. ಅದರ ನಡುವಿನ ಇಟ್ಟಂಗಿಯ ಮುಖ ಒಳಕ್ಕೆ ಸವೆದು, ಹಸಿರು ಛಾಯೆಯ ಗಾಜಿನಂತೆ ಹೊಳೆಯುತ್ತಿತ್ತು. ಗಾರೆಯಲ್ಲಿ ಅಲ್ಯೂಮಿನಾ ಹೆಚ್ಚು, ಅದಕ್ಕೇ ಅದು ಉಳಿದಿತ್ತು. ದಾವಲಸಾಬ ಮೀಟಿಂಗಿನಲ್ಲಿ ಹೇಳಿದ್ದು ಅಕ್ಷರಶಃ ಇದನ್ನೇ.

ಸೋಮವಾರ ಆ ಹೊಳಪನ್ನು ಕೆರೆದು ಪರೀಕ್ಷಿಸಿದೆ. ಸುಣ್ಣ ಸಿಕ್ಕಿತು, ಅದು ನಿರೀಕ್ಷಿತ. ಜೊತೆಗೆ ಪೊಟ್ಯಾಶಿಯಂ ಕೂಡ ಸಿಕ್ಕಿತು, ಹೊಸ ಇಟ್ಟಂಗಿಯಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು. ಅದು ಬಂದದ್ದು ರವದಿಯ ಬೂದಿಯಿಂದ. ಬೂದಿಯಲ್ಲಿ ಅದು ಪೊಟ್ಯಾಶಿಯಂ ಕಾರ್ಬೊನೇಟ್ ರೂಪದಲ್ಲಿರುತ್ತದೆ, ಒಂಬೈನೂರು ಡಿಗ್ರಿಗೆ ಮೊದಲೇ ಕರಗುತ್ತದೆ. ಕರಗಿದ ಆ ಒಂದಿಷ್ಟು ತೇವ ಸುಣ್ಣದ ಕಣವನ್ನೂ ಇಟ್ಟಂಗಿಯ ಕಣವನ್ನೂ ಒಂದಕ್ಕೊಂದು ಅಂಟಿಸುತ್ತದೆ. ಗಟ್ಟಿ ಗಟ್ಟಿ ಪದಾರ್ಥಗಳ ನಡುವೆ ತೆವಳುತ್ತಿದ್ದ ರಿಯಾಕ್ಷನ್ ಆಗ ಓಡತೊಡಗುತ್ತದೆ.

ತುಂಡನ್ನು ಪಾಟೀಲರ ಮೇಜಿನ ಮೇಲೆ ಇಟ್ಟೆ.

“ಗಾಣದಾಗಿಂದ ತಂದ ಇಟ್ಟಂಗಿ ಸಾಕ್ಷಿ ಹೆಂಗ ಆಗತೈತ್ರಿ ಮೇಡಂ? ಇದು ನಮ್ಮ ಭಟ್ಟೀದ ಅಂತ ಯಾರ ಹೇಳ್ಯಾರ?”

“ಹಿಂದ ಕಂಪನಿ ಮುದ್ರಿ ಐತ್ರಿ ಸರ್.”

“ಆ ಕಂಪನಿ ಇಟ್ಟಂಗಿ ಊರತುಂಬ ಅದಾವು.”

ಫೋಟೊ ತೆಗೆಯಲು ಬಿಡದವರೇ ಈಗ ಸಾಕ್ಷಿ ಕೇಳುತ್ತಿದ್ದರು. ಕೊನೆಗೆ ಪಾಟೀಲರು, ಲ್ಯಾಬಿನಲ್ಲಿ ತೋರಿಸುವುದಾದರೆ ತೋರಿಸಿ, ಹದಿನೈದು ದಿನ ಕೊಡುತ್ತೇನೆ ಎಂದರು. ಅದೇ ಕಂಪನಿಯ ಅದೇ ಇಟ್ಟಂಗಿ ಆಗಲೇ ಲಾರಿಯಲ್ಲಿ ಬಂದು ಇಳಿದಿತ್ತು. ಬೇರೆ ಊರಿನ ಗೌಂಡಿಗಳನ್ನೂ ಗೊತ್ತುಮಾಡಿದ್ದರು. ನಾನು ಸೋತರೆ ಅದೇ ಇಟ್ಟಂಗಿ ಮತ್ತೆ ಒಳಗೆ ಹೋಗುತ್ತಿತ್ತು, ಅದೇ ಮೆಟ್ಟಿಲ ಪಕ್ಕದ ಉಕ್ಕು ಮತ್ತೆ ಕಾಯುತ್ತಿತ್ತು.

ಈ ಸಲ ಕುಳಿಗೆ ತುಂಬಿದ್ದು ನಮ್ಮ ಕ್ವಾರಿಯ ಕಲ್ಲಿನ ಪುಡಿ ಮತ್ತು ನಮ್ಮದೇ ಬ್ರಿಕೆಟಿನ ಬೂದಿ. ಒಂದನ್ನು ಐದು ತಾಸು, ಇನ್ನೊಂದನ್ನು ಇಪ್ಪತ್ತನಾಲ್ಕು, ಮೂರನೆಯದನ್ನು ತೊಂಬತ್ತಾರು ತಾಸು ಇಡಬೇಕು. ಮೂರನೆಯದು ನಲವತ್ತೊಂದನೆಯ ತಾಸಿನಲ್ಲಿದ್ದಾಗ ಕರೆಂಟು ಹೋಯಿತು. ಕಾರ್ಖಾನೆಯಲ್ಲಿ ಜನರೇಟರ್ ಇತ್ತು. ಅದು ಆಫೀಸಿನ ಏಸಿಗೆ ಮತ್ತು ಲಾರಿ ತೂಗುವ ಕಾಟಾಕ್ಕೆ ಮಾತ್ರ. ಲ್ಯಾಬಿಗೆ ಲೈನ್ ಎಳೆಯಲು ಅರ್ಜಿ ಬರೆಯಿರಿ ಎಂದರು. ಬರೆದೆ. ಅರ್ಜಿಗೆ ನಂಬರ್ ಬೇಕು ಎಂದರು. ನಂಬರ್ ಕೊಡುವವರು ರಜೆಯಲ್ಲಿದ್ದರು. ಏಸಿ ಇರುವ ಆಫೀಸಿನಲ್ಲಿ ನಿಂತು ನಾನು ಆ ದಿನ ಕೂಗಿದ್ದು ಅಂಗಳದವರೆಗೆ ಕೇಳಿಸಿತಂತೆ. ಮಧ್ಯಾಹ್ನದೊಳಗೆ ಲೈನ್ ಬಂತು. ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಶುರು ಮಾಡಿದೆ.

ಫಲಿತಾಂಶ ಬಂತು. ಇಟ್ಟಂಗಿಯಲ್ಲಿ ರಿಯಾಕ್ಷನ್ ಒಳಹೊಕ್ಕ ಆಳ ಐದು ತಾಸಿಗೆ ಅರ್ಧ ಮಿಲಿಮೀಟರ್, ಇಪ್ಪತ್ತನಾಲ್ಕು ತಾಸಿಗೆ ೧.೧, ತೊಂಬತ್ತಾರು ತಾಸಿಗೆ ೨.೨. ಇಟ್ಟಂಗಿ ಕಂಪನಿಯ ಪ್ರತಿನಿಧಿಯೊಬ್ಬರು ಬಂದು ನೋಡಿ ಮೆಲ್ಲಗೆ ನಕ್ಕರು. “ಮೇಡಂ, ಸಮಯ ನಾಲ್ಕು ಪಟ್ಟು, ತಿಂದದ್ದು ಎರಡೇ ಪಟ್ಟು. ನಿಧಾನ ಆಗ್ತಾ ಹೋಗುತ್ತೆ. ನೀವೇ ಕೆಮಿಸ್ಟು, ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಅದೇ ನನ್ನ ಕರ್ಮ. ರಿಯಾಕ್ಷನ್ ಆದ ಪದರವೇ ಮುಂದಿನ ರಿಯಾಕ್ಷನ್‌ಗೆ ತಡೆಗೋಡೆಯಾಗುತ್ತದೆ. ಪದರ ದಪ್ಪವಾದಷ್ಟೂ ವೇಗ ಕುಗ್ಗುತ್ತದೆ. ಆ ಪ್ರಕಾರ ಲೆಕ್ಕ ಹಾಕಿದರೆ ಐದು ತಿಂಗಳಿಗೆ ಹದಿಮೂರೋ ಹದಿನಾಲ್ಕೋ ಮಿಲಿಮೀಟರ್. ಭಟ್ಟಿಯಲ್ಲಿ ಹೋದದ್ದು ನೂರೈವತ್ತು. ಉಳಿದದ್ದಕ್ಕೆ ಯಾರು ಹೊಣೆ? ಪಾಟೀಲರ ಉತ್ತರ ಸಿದ್ಧವಿತ್ತು: ಕಟ್ಟಿದ ಕೈ. ಹದಿನೈದು ದಿನದಲ್ಲಿ ಐದು ದಿನ ಉಳಿದಿತ್ತು.

ದಾವಲಸಾಬರಿಗೆ ಫೋನ್ ಮಾಡಿ, ಆಗಲಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಬನ್ನಿ ಎಂದಷ್ಟೇ ಹೇಳಿದೆ. ಬಂದವರು ಕುಳಿಯ ಇಟ್ಟಂಗಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿದರು. ಲೆಕ್ಕವನ್ನೆಲ್ಲ ವಿವರಿಸಿದೆ.

“ಇದರಾಗ ಪುಡಿ ಸುಮ್ಮನ ಕುಂತೈತಲ್ರಿ ಅಕ್ಕಾರ,” ಎಂದರು. “ನಮ್ಮ ಭಟ್ಟ್ಯಾಗ ಕಲ್ಲ ಎಲ್ಲಿ ಕುಂದರ್ತಾವು? ಗ್ವಾಡಿ ತಿಕ್ಕಕೋತ ತಿಕ್ಕಕೋತ ಇಳೀತಾವು.”

ಬಟ್ಟಲಿನಲ್ಲಿ ಉಳಿಯುವ ತಡೆಗೋಡೆ ಭಟ್ಟಿಯಲ್ಲಿ ಉಳಿಯುವುದೇ ಇಲ್ಲ. ಇಳಿಯುವ ಕಲ್ಲು ಅದನ್ನು ಕೆರೆದು ಹಾಕುತ್ತದೆ, ಕೆಳಗೆ ಹೊಸ ಮುಖ ತೆರೆಯುತ್ತದೆ, ರಿಯಾಕ್ಷನ್ ಮತ್ತೆ ಮೊದಲ ದಿನದ ವೇಗದಲ್ಲೇ ಶುರುವಾಗುತ್ತದೆ. ಪ್ರತಿದಿನವೂ ಮೊದಲ ದಿನವೇ.

ಉಳಿದ ಐದು ದಿನದಲ್ಲಿ ನಾಲ್ಕು ದಿನ ಅದನ್ನೇ ಮಾಡಿದೆ. ದಿನಕ್ಕೊಮ್ಮೆ ಇಟ್ಟಂಗಿ ಹೊರತೆಗೆದು, ಆದ ಪದರವನ್ನು ಕೆರೆದು, ಹೊಸ ಪುಡಿ ತುಂಬಿ ಮತ್ತೆ ಒಳಗಿಟ್ಟೆ. ಮೊದಲ ದಿನ ೧.೧. ಎರಡನೆಯ ದಿನವೂ ೧.೧. ಮೂರನೆಯ ದಿನ ಒಂದು. ನಾಲ್ಕನೆಯ ದಿನ ಮತ್ತೆ ೧.೧. ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ನೂರೈವತ್ತು ದಿನಕ್ಕೆ ಸುಮಾರು ನೂರೈವತ್ತು. ಆ ಸಂಖ್ಯೆಯನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ಅಕ್ಟೋಬರಿನಲ್ಲಿ ಬೂದಿ ಬೆರೆಸಿ ನಾಲ್ಕೇ ದಿನ ಕೆರೆದು ನೋಡಿದ್ದರೆ ಮುಗಿಯುತ್ತಿತ್ತಲ್ಲ.

ಹೊಸ ರಿಪೋರ್ಟಿನ ಮೊದಲ ಸಾಲಿನಲ್ಲೇ ಬರೆದೆ: ‘ಅಕ್ಟೋಬರಿನ ನನ್ನ ರಿಪೋರ್ಟ್ ತಪ್ಪು.’ ಪಾಟೀಲರು ಅದನ್ನು ಎರಡು ಸಲ ಓದಿದರು. ಬಾಗಿಲು ಹಾಕಿಕೊಂಡು ಬರಲು ಹೇಳಿದರು.

“ಈ ಸಾಲು ತೆಗೀರಿ. ‘ಹೆಚ್ಚಿನ ಮಾಹಿತಿ’ ಅಂತ ಬರೀರಿ ಸಾಕು. ಇಲ್ಲಂದ್ರ ನಿಮ್ಮ ಹೆಸರು ಕೆಡತೈತಿ.”

“ದಾವಲಸಾಬರದು ಆಗಲೇ ಕೆಟ್ಟೈತಲ್ರಿ ಸರ್. ಅದು ಕೆಟ್ಟಿದ್ದು ನನ್ನ ಸಹಿಯಿಂದ.”

ಅವರು ಕಿಟಕಿಯ ಹೊರಗೆ ಭಟ್ಟಿಯನ್ನು ನೋಡಿದರು. ಆಮೇಲೆ ರಿಪೋರ್ಟಿನ ಮೇಲೆ ‘ಹೆಡ್ ಆಫೀಸಿಗೆ ಕಳುಹಿಸಿ’ ಎಂದು ಬರೆದು ಸಹಿ ಹಾಕಿದರು. ಅವರ ಬಗ್ಗೆ ನನಗೆ ಎಷ್ಟೇ ಬೇಸರವಿದ್ದರೂ ಆ ಸಹಿಯನ್ನು ಮರೆಯಲಾರೆ.

ಹೆಡ್ ಆಫೀಸಿನಿಂದ ಮೂರು ವಾರ ಉಸಿರಿಲ್ಲ. ಆಮೇಲೆ ಮೂರು ಕಾಗದಗಳು ಒಂದೇ ದಿನ ಬಂದವು. ಮೊದಲನೆಯದರಲ್ಲಿ, ‘ಸುಧಾರಣೆಯ ಕ್ರಮವಾಗಿ’ ಭಟ್ಟಿಯ ನಡುಭಾಗಕ್ಕೆ ಮ್ಯಾಗ್ನೆಸೈಟ್ ಇಟ್ಟಂಗಿ, ಅಂದರೆ ಸುಣ್ಣದ ಜೊತೆ ಸುಲಭವಾಗಿ ಸೇರದ ಇಟ್ಟಂಗಿ, ಹಾಕಬೇಕೆಂದು ಆದೇಶ. ತಪ್ಪಾಯಿತು ಎಂಬ ಮಾತು ಎಲ್ಲೂ ಇಲ್ಲ. ಎರಡನೆಯದು ನನಗೆ, ಪರೀಕ್ಷೆಯಲ್ಲಿ ನಿರ್ಲಕ್ಷ್ಯ ಮಾಡಿದ್ದಕ್ಕೆ ಎಚ್ಚರಿಕೆ ಪತ್ರ. ನ್ಯಾಯವಾಗಿಯೇ ಬಂದಿತ್ತು, ಇಟ್ಟುಕೊಂಡೆ. ಮೂರನೆಯದು ದಾವಲಸಾಬರ ಮೇಲಿನ ಪತ್ರವನ್ನು ಹಿಂಪಡೆದ ಕಾಗದ.

ಅದನ್ನು ಒಯ್ಯಲು ಬಂದ ದಾವಲಸಾಬ, ಕನ್ನಡದಲ್ಲಿ ಓದಿ ಹೇಳಿ ಎಂದರು. ಓದಿದೆ. ಓದಲು ಹೊತ್ತೇನೂ ಹಿಡಿಯಲಿಲ್ಲ.

“ಆತೇನ್ರಿ? ಕಳಪೆ ಅಂತ ಬರದಿದ್ದು ಒಂದ ಪುಟ ಇತ್ತು. ಇದು ಎರಡ ಸಾಲ.”

“ಎರಡ ಸಾಲ ಐತ್ರಿ,” ಎಂದೆ. “ನನ್ನದ ತಪ್ಪಾತ್ರಿ ದಾವಲಸಾಬ. ಅವತ್ತ ಮೀಟಿಂಗಿನ್ಯಾಗ ನಾ ಮಾತಾಡಬೇಕಾಗಿತ್ತು.”

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಕೆಲಸಗಳೆಲ್ಲ ಬೇರೆಯವರ ಕೈಗೆ ಹೋಗಿದ್ದವು. ಅವರ ಗುಂಪಿಗೆ ಆ ಬೇಸಿಗೆ ತಿರುಗಿ ಸಿಗಲಿಲ್ಲ. ಇಬ್ಬರು ಗುಂಪು ಬಿಟ್ಟು ಕೊಲ್ಹಾಪುರದ ಕಡೆ ಕೆಲಸಕ್ಕೆ ಹೋಗಿದ್ದರು. ನಮ್ಮ ಹೊಸ ಲೈನಿಂಗ್ ಕಟ್ಟಲು ಪಾಟೀಲರೇ ಫೋನ್ ಮಾಡಿ ಕರೆದಾಗ ದಾವಲಸಾಬ ಒಂದು ಶರತ್ತು ಹಾಕಿದರು: ಬೆಂಕಿ ಹಚ್ಚುವ ಮೊದಲು ಮ್ಯಾನೇಜರ್ ಮತ್ತು ಕೆಮಿಸ್ಟ್ ಇಬ್ಬರೂ ಒಳಗೆ ಇಳಿದು ಗೋಡೆಯನ್ನು ಕೈಮುಟ್ಟಿ ನೋಡಬೇಕು. ಇಬ್ಬರೂ ಇಳಿದೆವು. ಪ್ಯಾಂಟಿಗೆ ಧೂಳು ಮೆತ್ತಿಕೊಂಡು ಪಾಟೀಲರು ಸಂದಿಗಳ ಮೇಲೆ ಬೆರಳಾಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಲೈನಿಂಗ್ ಎರಡು ವರ್ಷ ದಾಟಿ ಈಗಲೂ ನಿಂತಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಪರೀಕ್ಷೆ ಸುಳ್ಳು ಹೇಳುವುದಿಲ್ಲ, ಆದರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ನಾನು ಐದು ತಾಸಿನದನ್ನು ಕೇಳಿದ್ದೆ, ಅದು ಐದು ತಾಸಿನದನ್ನು ಹೇಳಿತ್ತು. ಉಳಿದ ನೂರೈವತ್ತು ದಿನವನ್ನು ಸೇರಿಸಿದ್ದು ನನ್ನ ಪೆನ್ನು. ಏನು ಕೇಳಬೇಕು ಎಂಬುದು ಆ ಗೋಡೆಯ ಪಕ್ಕ ಮೂವತ್ತು ವರ್ಷ ನಿಂತವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ. ಅಂದಿನಿಂದ ನನ್ನ ಪ್ರತಿ ರಿಪೋರ್ಟಿನ ಕೊನೆಗೆ ಒಂದು ಕಲಂ ಸೇರಿಸಿದ್ದೇನೆ: ‘ಈ ಪರೀಕ್ಷೆಯಿಂದ ತಿಳಿಯದ ಸಂಗತಿಗಳು’. ಅದು ಕೆಲವೊಮ್ಮೆ ರಿಪೋರ್ಟಿಗಿಂತ ಉದ್ದವಾಗುತ್ತದೆ.

ಪಾಟೀಲರು ನಿವೃತ್ತರಾಗಿ ಹೊಸ ಮ್ಯಾನೇಜರ್ ಬಂದಿದ್ದಾರೆ. ಮೊನ್ನೆ ಆ ಕಲಮಿನ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಹೋಗಿ ಕೇಳಿದೆ.

“ಇದು ಬ್ಯಾಡ್ರಿ ಮೇಡಂ. ಓದಿದವರಿಗೆ ಅನುಮಾನ ಬರತೈತಿ.”

“ಬರಲಿ ಅಂತನ ಬರದೇನ್ರಿ ಸರ್,” ಎಂದೆ. ಕೆಂಪು ಗೆರೆ ಇರುವ ಹಾಳೆಯನ್ನು ಅವರ ಮೇಜಿನ ಮೇಲೇ ಬಿಟ್ಟು, ಲ್ಯಾಬಿಗೆ ಬಂದು ಅದೇ ರಿಪೋರ್ಟನ್ನು ಮತ್ತೆ ಪ್ರಿಂಟ್ ಹಾಕಿದೆ. ಕಲಂ ಸಮೇತ.